ಲೆನ್ಸಿನ ನಂಬರ್ ಹೇಳುವವನು

ಮಡಿಕೇರಿಯ ಒಂದು ಕಣ್ಣಾಸ್ಪತ್ರೆಯಲ್ಲಿ ನಾನು ಆಪ್ಟೋಮೆಟ್ರಿಸ್ಟ್. ಪೊರೆ ತೆಗೆಯುವುದು ಡಾಕ್ಟರು. ಒಳಗೆ ಕೂರಿಸುವ ಲೆನ್ಸ್ ಎಷ್ಟು ಪವರಿನದು ಎಂದು ಅಳೆದು ಕೊಡುವುದು ನಾನು. ದೃಷ್ಟಿ ಚೆನ್ನಾಗಿ ಬಂದರೆ ಡಾಕ್ಟರ ಕೈಗುಣ, ಬರದಿದ್ದರೆ ನನ್ನ ಅಳತೆ.

ಕೆಲಸಕ್ಕೆ ಸೇರಿದಾಗ ನಮ್ಮಲ್ಲಿದ್ದದ್ದು ಎ-ಸ್ಕ್ಯಾನ್ ಒಂದೇ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಪೆನ್ನಿನಂಥ ಪ್ರೋಬನ್ನು ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ತಾಗಿಯೂ ತಾಗದ ಹಾಗೆ ಹಿಡಿಯಬೇಕು. ಶಬ್ದದ ಅಲೆ ಕಣ್ಣಿನ ಹಿಂಭಾಗದ ರೆಟಿನಾದ ತನಕ ಹೋಗಿ ಬರುವ ಹೊತ್ತಿನಿಂದ ಕಣ್ಣಿನ ಉದ್ದ ತಿಳಿಯುತ್ತದೆ. ಹೆಚ್ಚಿನವರದು 23-24 ಮಿಲಿಮೀಟರ್. ಕೈ ಸ್ವಲ್ಪ ಒತ್ತಿತೋ, ಕಣ್ಣು ಗಿಡ್ಡ ಎಂದು ಯಂತ್ರ ತಿಳಿಯುತ್ತದೆ, ಹೆಚ್ಚು ಪವರಿನ ಲೆನ್ಸ್ ಕೇಳುತ್ತದೆ. 1 ಮಿಲಿಮೀಟರ್ ತಪ್ಪಿದರೆ ಎರಡೂವರೆ ಡಯಾಪ್ಟರಿನಷ್ಟು (ಕನ್ನಡಕದ ನಂಬರ್ ಹೇಳುವ ಅಳತೆಯೇ ಅದು) ಹೋಯಿತು.

ನಾಪೋಕ್ಲು ಕಡೆಯ ಒಬ್ಬ ಅಜ್ಜಿಯ ಕಣ್ಣನ್ನು ನಾನು ಒತ್ತಿಯೇ ಅಳೆದಿದ್ದೆ. ಆಪರೇಷನ್ ಆಗಿ ತಿಂಗಳಿಗೆ ಬಂದವರು, "ಅಕ್ಕಿ ಆರಿಸೋಕೆ ಸಲೀಸು ಮಗ, ಗೇಟಿನ ಹತ್ರ ಬಂದೋರು ಯಾರೂಂತ ಮಾತ್ರ ಗೊತ್ತಾಗಲ್ಲ" ಅಂದರು. ಮೈನಸ್ ಒಂದೂವರೆ. ದೂರಕ್ಕೆ ಕನ್ನಡಕ ಬರೆದುಕೊಟ್ಟೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

ಈಗಿನದು ಆಪ್ಟಿಕಲ್ ಬಯೋಮೀಟರ್. ಈ ಬಗೆಯ ಯಂತ್ರ ಮಾರುಕಟ್ಟೆಗೆ ಬಂದದ್ದು 1999ರ ಸುಮಾರಿಗೆ. ನಮ್ಮ ಬೆಟ್ಟ ಹತ್ತಲು ತಡವಾಯಿತು. ಕಣ್ಣನ್ನು ಮುಟ್ಟುವುದೇ ಇಲ್ಲ, ಬೆಳಕಿನಿಂದಲೇ ಅಳೆಯುತ್ತದೆ. ಆದರೆ ನಮ್ಮವರು "ಪೊರೆ ಹಣ್ಣಾಗಲಿ" ಎಂದು ಕಾಯುತ್ತಾರಲ್ಲ! ಕಾಫಿ ಕೊಯ್ಲು ಮುಗಿಯಲಿ, ಮೆಣಸು ಇಳಿಯಲಿ ಅನ್ನುತ್ತಾ ವರ್ಷ ದಾಟಿಸುತ್ತಾರೆ. ಕೊನೆಗೆ ಮಳೆಗೆ ಮುಂಚೆ ಮುಗಿಯಬೇಕೆಂದು ಏಪ್ರಿಲಿನಲ್ಲಿ ಎಲ್ಲರೂ ಒಟ್ಟಿಗೆ ಬರುತ್ತಾರೆ. ಅಷ್ಟರಲ್ಲಿ ಪೊರೆ ಕಂದು ತಿರುಗಿ ಗಟ್ಟಿಯಾಗಿ, ಬೆಳಕು ಆಚೆ ದಾಟುವುದಿಲ್ಲ. ಆಗ ಮತ್ತೆ ಎ-ಸ್ಕ್ಯಾನೇ ಗತಿ. ಈಗ ಮಾತ್ರ ನಾನು ಪ್ರೋಬನ್ನು ನೇರ ತಾಗಿಸುವುದಿಲ್ಲ. ರೆಪ್ಪೆಗಳ ನಡುವೆ ಪುಟ್ಟ ಬಟ್ಟಲು ಕೂರಿಸಿ ಸಲೈನ್ ತುಂಬಿ, ಆ ನೀರಿನ ಮೂಲಕ ಅಳೆಯುತ್ತೇನೆ. ಒತ್ತುವ ಮಾತೇ ಇಲ್ಲ. ಕೆನ್ನೆ ಮೇಲೆ ನೀರಿಳಿದು ರವಿಕೆ ಒದ್ದೆಯಾಗುತ್ತದೆ ಎಂಬ ದೂರು ಇದ್ದೇ ಇದೆ, ಟವೆಲ್ ಇಟ್ಟುಕೊಂಡಿರುತ್ತೇನೆ.

ಅಳತೆ ಸರಿಯಾದ ಮೇಲೂ ಯಾವ ಲೆನ್ಸ್ ಎಂಬ ತಲೆನೋವು ಉಳಿಯುತ್ತದೆ. ಸಿದ್ದಾಪುರದ ಒಬ್ಬ ಬೆಳೆಗಾರರು ಮಲ್ಟಿಫೋಕಲ್ಲೇ ಬೇಕು, ಕನ್ನಡಕದ ಸಹವಾಸವೇ ಬೇಡ ಎಂದು ತೀರ್ಮಾನಿಸಿಕೊಂಡೇ ಬಂದಿದ್ದರು. ರಾತ್ರಿ ಗಾಡಿ ಓಡಿಸ್ತೀರಾ ಎಂದು ಕೇಳಿದೆ. ವಾರಕ್ಕೆರಡು ಸಲ ಸಂಪಾಜೆ ಘಾಟಿ ಇಳಿಯುತ್ತಾರಂತೆ, ಜೀಪಿನಲ್ಲಿ, ಮಳೆಗಾಲದಲ್ಲೂ. ಮಲ್ಟಿಫೋಕಲ್ ಒಳಬರುವ ಬೆಳಕನ್ನು ದೂರಕ್ಕಿಷ್ಟು ಹತ್ತಿರಕ್ಕಿಷ್ಟು ಎಂದು ಹಂಚುತ್ತದೆ. ಮಬ್ಬಿನಲ್ಲಿ ಕಾಂಟ್ರಾಸ್ಟ್ ಇಳಿಯುತ್ತದೆ, ಎದುರು ಬರುವ ಹೆಡ್‌ಲೈಟಿನ ಸುತ್ತ ಬಳೆ ಬಳೆಯಾಗಿ ಕಾಣಬಹುದು. ಮಂಜು ಮುಸುಕಿದ ತಿರುವಿನಲ್ಲಿ ಅದು ಬೇಡ ಅಂದೆ. ಡಾಕ್ಟರೂ ಅದನ್ನೇ ಹೇಳಿದರು. ಒಂದೇ ದೂರಕ್ಕೆ ಹೊಂದಿಸಿದ ಮೋನೋಫೋಕಲ್ ಹಾಕಿಸಿಕೊಂಡರು. ಈಗ ಸಿಕ್ಕಾಗಲೆಲ್ಲ ಜೇಬು ತಡಕುತ್ತಾ, "ಪೇಪರ್ ಓದೋ ಕನ್ನಡಕ ಹುಡುಕೋದೇ ಒಂದು ಕೆಲಸ ಮಾರಾಯ್ರೆ" ಅನ್ನುತ್ತಾರೆ. ಘಾಟಿಯ ಬಗ್ಗೆ ದೂರಿಲ್ಲ.

ಅವರ ಮಗಳು ಬೆಂಗಳೂರಿನಲ್ಲಿ ಲೇಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಆಪರೇಷನ್, ಮಾಡಿಸಿಕೊಳ್ಳಲು ಹೊರಟಿದ್ದಳು. ಮಾಡಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಆದರೆ ಲೇಸರ್ ಕಾರ್ನಿಯಾವನ್ನು ಚಪ್ಪಟೆ ಮಾಡಿದ ಮೇಲೆ ನಮ್ಮ ಮಾಮೂಲಿ ಲೆಕ್ಕ ದಾರಿ ತಪ್ಪುತ್ತದೆ: ಮುಂದೆ ಪೊರೆ ಬಂದಾಗ ಕಡಿಮೆ ಪವರಿನ ಲೆನ್ಸ್ ಬಿದ್ದು ಪ್ಲಸ್ ನಂಬರ್ ಉಳಿಯಬಹುದು. ಇಂಥ ಕಣ್ಣಿಗೆಂದೇ ಬೇರೆ ಸೂತ್ರಗಳಿವೆ. ಆದರೂ ಹಳೆಯ ರೀಡಿಂಗ್ ಕೈಯಲ್ಲಿದ್ದರೆ ಲೆಕ್ಕಕ್ಕೆ ಬಲ. ಲೇಸರಿಗೆ ಮುಂಚಿನ ಕಾರ್ನಿಯಾ ಅಳತೆ, ಕನ್ನಡಕದ ನಂಬರ್ ಜೋಪಾನ ಮಾಡು ಅಂದೆ. ಮೊಬೈಲಲ್ಲಿ ಫೋಟೋ ಇದೆ ಅಂದಳು.

"ಕಾಗದದಲ್ಲೂ ಇಟ್ಕೊಳಮ್ಮ. ತೋಟದ ಪತ್ರ ಇರೋ ಪೆಟ್ಟಿಗೇಲಿ."