ಡಾಂಬರು ರಸ್ತೆಗೆ ಪ್ಲಾಸ್ಟಿಕ್: ಒಣ ವಿಧಾನದಲ್ಲಿ ಬೆರೆಸುವ ಕ್ರಮ

ಬಳಸಿ ಬಿಸಾಡಿದ ಪ್ಲಾಸ್ಟಿಕ್ಕನ್ನು ರಸ್ತೆಗೆ ಹಾಕಲು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮದುರೈನ ಪ್ರೊ. ರಾಜಗೋಪಾಲನ್ ವಾಸುದೇವನ್ ರೂಪಿಸಿದ ಒಣ ವಿಧಾನ. ರಸ್ತೆ ಕೆಲಸದ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಇದಕ್ಕೆ ಮಾರ್ಗಸೂಚಿಯನ್ನೂ ಹೊರತಂದಿದೆ. ಇಲ್ಲಿ ಪ್ಲಾಸ್ಟಿಕ್ ಬೀಳುವುದು ಡಾಂಬರಿಗಲ್ಲ, ಕಾದ ಜಲ್ಲಿಯ ಮೇಲೆ. ಕರಗಿ ಕಲ್ಲಿಗೆ ತೆಳುವಾಗಿ ಮೆತ್ತಿಕೊಂಡರೆ, ಮಳೆನೀರು ಡಾಂಬರನ್ನು ಕಲ್ಲಿನಿಂದ ಸುಲಭವಾಗಿ ಬಿಡಿಸಲಾರದು.

ಕೆಲಸ ಕೆಡುವುದು ಹೆಚ್ಚಾಗಿ ಕಸ ಬೇರ್ಪಡಿಸುವಾಗಲೇ. ಹಾಲಿನ ಕವರು, ಕ್ಯಾರಿಬ್ಯಾಗ್‌ನಂಥ ಪಾಲಿಥಿನ್ ಬೇಕು. ಪೈಪುಗಳಿಗೆ ಬಳಸುವ ಪಿವಿಸಿ ಒಂದು ಚೂರೂ ಬೇಡ: ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ, ಡಾಂಬರು-ಜಲ್ಲಿ ಬೆರೆಸುವ ಪ್ಲಾಂಟಿನಲ್ಲಿ ನಿಂತವರ ಕಣ್ಣು, ಗಂಟಲು ಸುಡುತ್ತದೆ. ನೀರಿನ ಬಾಟಲಿಯ ಪೆಟ್ ಈ ಶಾಖಕ್ಕೆ ಕರಗುವುದೇ ಇಲ್ಲ. ಅನುಮಾನ ಬಂದರೆ ಒಂದು ಚೂರನ್ನು ಸೋಪು ನೀರಿನಲ್ಲಿ ಅದ್ದಿ, ಗಾಳಿಗುಳ್ಳೆ ಹೋಗುವಂತೆ ಉಜ್ಜಿ ಬಿಡಿ. ಪಾಲಿಥಿನ್ ತೇಲುತ್ತದೆ, ಪಿವಿಸಿ, ಪೆಟ್ ಮುಳುಗುತ್ತವೆ. ಮತ್ತೆ ಮತ್ತೆ ಕರಗಿಸಿ ಮಾಡಿದ ಕಪ್ಪು ಕವರುಗಳನ್ನೂ ಬದಿಗಿಡಿ.

ಆಯ್ದದ್ದನ್ನು ತೊಳೆದು, ಪೂರ್ತಿ ಒಣಗಿಸಿ, ಶ್ರೆಡ್ಡರ್‌ನಲ್ಲಿ ಚೂರು ಮಾಡಿ. ಚೂರು 2.36 ಮಿ.ಮೀ. ಜರಡಿಯಲ್ಲಿ ಇಳಿದು 600 ಮೈಕ್ರಾನ್ ಜರಡಿಯಲ್ಲಿ ನಿಲ್ಲಬೇಕು. ದೊಡ್ಡದಾದರೆ ಕರಗದೆ ಗಂಟಾಗುತ್ತದೆ, ಹಸಿಯಿದ್ದರೆ ಮುದ್ದೆಗಟ್ಟುತ್ತದೆ.

ಪ್ರಮಾಣ ಡಾಂಬರಿನ ತೂಕದ ಶೇ. 6ರಿಂದ 8. ಒಂದು ಟನ್ ಮಿಶ್ರಣಕ್ಕೆ ಶೇ. 5ರಂತೆ 50 ಕೆ.ಜಿ. ಡಾಂಬರು ಬೇಕಿದ್ದರೆ, ಶೇ. 8ರ ಲೆಕ್ಕದಲ್ಲಿ ಪ್ಲಾಸ್ಟಿಕ್ 4 ಕೆ.ಜಿ., ಡಾಂಬರು 46 ಕೆ.ಜಿ. 3.75 ಮೀಟರ್ ಅಗಲ, 30 ಮಿ.ಮೀ. ದಪ್ಪದ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ ಒಂದು ಟನ್ ಪ್ಲಾಸ್ಟಿಕ್ ಹಿಡಿಯುತ್ತದೆ. ಅಂತಿಮ ಪ್ರಮಾಣವನ್ನು ಆ ಜಲ್ಲಿಯಲ್ಲೇ ಮಾರ್ಷಲ್ ಪರೀಕ್ಷೆ (ಮಿಶ್ರಣದ ಅಚ್ಚು ಎಷ್ಟು ಭಾರ ತಡೆಯುತ್ತದೆಂದು ನೋಡುವ ಲ್ಯಾಬ್ ಪರೀಕ್ಷೆ) ಮಾಡಿ ನಿಗದಿಪಡಿಸಿ. ಇನ್ನಷ್ಟು ಪ್ಲಾಸ್ಟಿಕ್ ಖಾಲಿಯಾಗಲಿ ಎಂದು ಅಳತೆ ಮೀರಿದರೆ ಮಿಶ್ರಣ ಬಿರುಸಾಗಿ ರಸ್ತೆ ಬಿರುಕು ಬಿಡುತ್ತದೆ.

ಜಲ್ಲಿ ಸುಮಾರು 165 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು. ಒಂದೊಂದು ಕಂತಾಗಿ ಬೆರೆಸುವ ಬ್ಯಾಚ್ ಪ್ಲಾಂಟ್ ಆದರೆ ಮಿಕ್ಸರಿಗೆ ಬಿದ್ದ ಜಲ್ಲಿಯ ಮೇಲೆ ಚೂರು ಸುರಿದು, ಅರ್ಧದಿಂದ ಮುಕ್ಕಾಲು ನಿಮಿಷ ತಿರುಗಿಸಿ, ಆಮೇಲೆ 160 ಡಿಗ್ರಿ ಮೀರದ ಡಾಂಬರು ಬಿಡಿ. ತಿರುಗುವ ಡ್ರಮ್ಮಿನಲ್ಲೇ ಜಲ್ಲಿ ಕಾಯಿಸಿ ನಿಲ್ಲದೆ ಬೆರೆಸುವ ಡ್ರಮ್ ಪ್ಲಾಂಟಿನಲ್ಲಿ ಚೂರನ್ನು ಜ್ವಾಲೆ ತಾಕದಷ್ಟು ಮುಂದೆ, ಪ್ರತ್ಯೇಕ ಕೊಳವೆಯಿಂದ ಊದಬೇಕು. ತಣ್ಣನೆಯ ಜಲ್ಲಿಯ ಜೊತೆ ಬೆಲ್ಟಿನಲ್ಲೇ ಕಳಿಸಿದರೆ ನೇರ ಬರ್ನರಿಗೆ ಹೋಗಿ ಸುಟ್ಟುಹೋಗುತ್ತದೆ, ಬರುವುದು ಹೊಗೆಯಷ್ಟೇ.

ಮೊದಲ ಬ್ಯಾಚಿನಲ್ಲಿ, ಡಾಂಬರು ಬೀಳುವ ಮುನ್ನ, ಒಂದು ಸಲಿಕೆ ಜಲ್ಲಿ ತೆಗೆಸಿ ತಗಡಿನ ಮೇಲೆ ಹರವಿ ನೋಡಿ. ಪ್ರತಿ ಕಲ್ಲಿಗೂ ಎಣ್ಣೆ ಸವರಿದಂಥ ಹೊಳಪಿರಬೇಕು. ಬಿಳಿ ಚೂರು ಹಾಗೇ ಕಂಡರೆ ಶಾಖ ಸಾಲದು. ಘಾಟು ಹೊಗೆ ಎದ್ದರೆ ಶಾಖ ಜಾಸ್ತಿ, ಇಲ್ಲವೇ ಪಿವಿಸಿ ಸೇರಿದೆ, ಕೂಡಲೇ ನಿಲ್ಲಿಸಿ. ಡಾಂಬರು ಬೆರೆತ ಮಾದರಿಯನ್ನು 40 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟರೂ ಶೇ. 95ರಷ್ಟು ಮೇಲ್ಮೈಯಲ್ಲಿ ಡಾಂಬರು ಉಳಿದಿರಬೇಕು.

ಹಾಸುವುದಕ್ಕೆ ಮಾಮೂಲಿ ಪೇವರ್ (ಮಿಶ್ರಣ ಹಾಸುವ ಯಂತ್ರ), ರೋಲರ್ ಸಾಕು. ಮಿಶ್ರಣ 90 ಡಿಗ್ರಿಗೆ ಇಳಿಯುವಷ್ಟರಲ್ಲಿ ರೋಲಿಂಗ್ ಮುಗಿಯಬೇಕು. ಹಾಸುವ ಮೊದಲು ಶೇ. 2.5ರ ಅಡ್ಡ ಇಳಿಜಾರು, ಬದಿಯ ಚರಂಡಿ ಸರಿಯಿವೆಯೇ ನೋಡಿ: ಅಡಿಪಾಯಕ್ಕೆ ನೀರು ಇಳಿದರೆ ಮೇಲಿನ ಪದರದಲ್ಲಿ ಯಾವ ಪ್ಲಾಸ್ಟಿಕ್ ಇದ್ದರೂ ಗುಂಡಿ ಬಿದ್ದೇ ಬೀಳುತ್ತದೆ.