ಸಂರಕ್ಷಿತ ಕಾಡಿನ ಲಂಟಾನ: ಅನುಮತಿ ಪಡೆದು ತೆಗೆಯುವ ಕ್ರಮ

ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಂತಹ ಕಾಡುಗಳಲ್ಲಿ ಹುಲ್ಲನ್ನು ಮುಚ್ಚಿ ಹಬ್ಬಿರುವ, ಹೊರದೇಶದಿಂದ ಬಂದ ಪೊದೆಗಿಡವಾದ ಲಂಟಾನವನ್ನು ಕಂಡಾಗ ಕತ್ತಿ ಹಿಡಿದು ಒಳಹೋಗಬೇಕೆನಿಸುವುದು ಸಹಜ. ಆದರೆ ಅನುಮತಿಯಿಲ್ಲದೆ ಹಾಗೆ ಮಾಡುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಪ್ರಾಣಿಗಳನ್ನಷ್ಟೇ ಅಲ್ಲದೆ ಆವಾಸದ ಭಾಗವಾದ ಸಸ್ಯಗಳನ್ನೂ ರಕ್ಷಿಸುತ್ತದೆ. ಗಿಡ ಹೊರಗಿನಿಂದ ಬಂದದ್ದು ಎಂಬ ಕಾರಣಕ್ಕೆ ಅದನ್ನು ಕೀಳುವ ಹಕ್ಕು ಯಾರಿಗೂ ತಾನಾಗಿ ದೊರೆಯುವುದಿಲ್ಲ.

ಮೊದಲು ಪೊದೆಗಳಿರುವ ಜಾಗವನ್ನು ರಸ್ತೆಯಿಂದಲೇ ಗುರುತಿಸಿ, ಚಿತ್ರಗಳೊಂದಿಗೆ ವಲಯ ಅರಣ್ಯಾಧಿಕಾರಿಗೆ ಲಿಖಿತ ಮನವಿ ಕೊಡಿ. ಅನುಮತಿ ದೊರೆತರೂ ಸಿಬ್ಬಂದಿಯಿಲ್ಲದೆ ಒಳಹೋಗಬೇಡಿ, ಏಕೆಂದರೆ ದಟ್ಟ ಲಂಟಾನದ ಹಿಂದೆ ನಿಂತ ಆನೆ ಕೆಲವೇ ಹೆಜ್ಜೆ ದೂರದಲ್ಲಿದ್ದರೂ ಕಾಣುವುದಿಲ್ಲ.

ಕೆಲಸದಲ್ಲಿ ಹೆಚ್ಚಿನ ಎಚ್ಚರ ಬೇಕಾದದ್ದು ಬೇರಿನ ವಿಷಯದಲ್ಲಿ. ನೆಲದ ಮೇಲೆ ಕತ್ತರಿಸಿದ ಲಂಟಾನ ಬುಡದಿಂದ ಮತ್ತೆ ಚಿಗುರಿ ಇನ್ನಷ್ಟು ದಟ್ಟವಾಗುತ್ತದೆ. ಆದ್ದರಿಂದ ಮಣ್ಣು ಹಸಿಯಾಗಿದ್ದು ಕಾಯಿ ಇನ್ನೂ ಹಣ್ಣಾಗದ ಸಮಯದಲ್ಲಿ, ಮುಖ್ಯ ಬೇರನ್ನು ಮಣ್ಣಿನೊಳಗೆ ಸುಮಾರು 3ರಿಂದ 5 ಸೆಂಟಿಮೀಟರ್ ಆಳದಲ್ಲಿ ಕಡಿದು, ಬುಡ ಮೇಲೆ ಬರುವಂತೆ ಪೊದೆಯನ್ನು ತಲೆಕೆಳಗಾಗಿಸಿ ಒಣಗಲು ಬಿಡಬೇಕು. ಸುತ್ತಲ ಸ್ಥಳೀಯ ಸಸಿಗಳನ್ನು ತುಳಿಯಬಾರದು. ಒಣಗಿದ ರಾಶಿ ಬೇಸಿಗೆಯ ಬೆಂಕಿಗೆ ಉರುವಲಾಗುವುದರಿಂದ ಅದರ ವಿಲೇವಾರಿಯನ್ನು ಇಲಾಖೆಯೊಡನೆ ಮೊದಲೇ ನಿಶ್ಚಯಿಸಿಕೊಳ್ಳಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದೇ ಕಡ್ಡಿಗಳಿಂದ ಪೀಠೋಪಕರಣ ಮಾಡುತ್ತಾರೆ. ಈ ದಾರಿ ನನಗೆ ಬಹಳ ಮೆಚ್ಚುಗೆ.

ಹಕ್ಕಿಗಳು ಬೀಜ ತರುತ್ತಲೇ ಇರುವುದರಿಂದ ಮುಂದಿನ ಮಳೆಗಾಲಗಳಲ್ಲಿಯೂ ಅನುಮತಿ ಪಡೆದು ಅದೇ ಜಾಗಕ್ಕೆ ಮರಳಿ, ಎಳೆಯ ಸಸಿಗಳನ್ನು ಬೇರುಸಹಿತ ಕೀಳಬೇಕಾಗುತ್ತದೆ.