ಬೆಂಗಳೂರಿನ ತಾರಸಿಯ ಮೇಲೊಂದು ಏರ್ ಫಿಲ್ಟರ್: ಗಾಳಿಯಲ್ಲಿನ ವಿಕಿರಣ ಅಳೆದ ಅನುಭವ

ಗಾಳಿ ಎಳೆಯುವ ಯಂತ್ರವಾದ ಸ್ಯಾಂಪ್ಲರ್‌ನಿಂದ ಫಿಲ್ಟರ್ ತೆಗೆದಾಗ ನಾನು ಮೊದಲು ನೋಡುವುದು ಅದರ ಅಂಚನ್ನು. ಮಸಿ ಕೂತ ಭಾಗಕ್ಕೂ ಸುತ್ತಲಿನ ಬಿಳಿ ಅಂಚಿಗೂ ನಡುವೆ ಗೆರೆ ಎಳೆದ ಹಾಗೆ ಸ್ಪಷ್ಟವಾಗಿರಬೇಕು. ಅದು ಕಲಸಿಹೋಗಿದ್ದರೆ ಗ್ಯಾಸ್ಕೆಟ್ ಸೋರಿದೆ ಎಂದರ್ಥ. ಆ ಸ್ಯಾಂಪಲ್ ಲೆಕ್ಕಕ್ಕಿಲ್ಲ.

ಎಷ್ಟು ಗಾಳಿ ಎಳೆದೆವು ಎಂಬುದೇ ಈ ಕೆಲಸದ ಬುಡ. ನಿಮಿಷಕ್ಕೆ 1 ಘನ ಮೀಟರ್ ಎಂದರೆ ದಿನಕ್ಕೆ 1,440. ಆದರೆ ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 910 ಹೆಕ್ಟೋಪ್ಯಾಸ್ಕಲ್ ಆಸುಪಾಸು. ಸಮುದ್ರಮಟ್ಟಕ್ಕೆ ಕ್ಯಾಲಿಬ್ರೇಟ್ ಆದ ರೋಟಾಮೀಟರ್ (ಹರಿವು ಅಳೆಯುವ ಮೀಟರ್) ಇಲ್ಲಿ ಶೇ 5ರಷ್ಟು ಕಡಿಮೆ ತೋರಿಸುತ್ತದೆ, ತಿದ್ದಿಕೊಳ್ಳಲೇಬೇಕು. ಕರೆಂಟ್ ಹೋದರೆ ಗಡಿಯಾರದ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಮೋಟಾರ್ ಓಡಿದ ಹೊತ್ತನ್ನು ತೋರಿಸುವ ಮೀಟರ್ ಬೇಕು. ಪಕ್ಕದ ಕಟ್ಟಡದ ಡೀಸೆಲ್ ಜನರೇಟರ್ ಹೊಗೆ ಬೀಸುವ ಕಡೆ ಸ್ಯಾಂಪ್ಲರ್ ಇಟ್ಟರೆ ಫಿಲ್ಟರ್ ಬೇಗ ಕಟ್ಟಿಕೊಂಡು ಹರಿವು ಕುಸಿಯುತ್ತದೆ.

ಫಿಲ್ಟರ್ ತೆಗೆದ ತಕ್ಷಣ ಅದರ ವಿಕಿರಣ ಎಣಿಸಿದರೆ ಕಾಣುವುದೆಲ್ಲ ನೆಲದಿಂದ ಹೊಮ್ಮುವ ವಿಕಿರಣಶೀಲ ಅನಿಲಗಳಾದ ರೇಡಾನ್, ಥೋರಾನ್‌ಗಳ ಮರಿಗಳೇ, ಅಂದರೆ ಅವು ಕ್ಷಯಿಸಿ ಹುಟ್ಟಿದ ಧಾತುಗಳೇ. ಸೀಸ-214, ಬಿಸ್ಮತ್-214 ಕೆಲವೇ ಗಂಟೆಗಳಲ್ಲಿ ಕರಗುತ್ತವೆ. ಸತಾಯಿಸುವುದು ಸೀಸ-212: ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಹೊತ್ತು) 10.6 ಗಂಟೆ, ಒಂದು ದಿನ ಬಿಟ್ಟರೂ ಐದರಲ್ಲೊಂದು ಪಾಲು ಉಳಿದಿರುತ್ತದೆ. ಹಾಗಾಗಿ 5 ದಿನ ಕಾಯುತ್ತೇನೆ. ಆಮೇಲೆ ಫಿಲ್ಟರನ್ನು ಮಡಚಿ, ಪ್ರೆಸ್‌ನಲ್ಲಿ ಒತ್ತಿ ಬಿಲ್ಲೆ ಮಾಡಿ ಗಾಮಾ ಕಿರಣಗಳನ್ನು ಶಕ್ತಿಯ ಪ್ರಕಾರ ಬೇರ್ಪಡಿಸಿ ತೋರಿಸುವ ಜರ್ಮೇನಿಯಂ ಡಿಟೆಕ್ಟರ್ ಮೇಲಿಡುವುದು. ಬಿಲ್ಲೆಯ ಅಗಲ, ದಪ್ಪ ಕ್ಯಾಲಿಬ್ರೇಷನ್‌ಗೆ ಬಳಸಿದ ಮಾದರಿಯಷ್ಟೇ ಇರಬೇಕು.

ಇಷ್ಟಾದರೂ ರೇಡಾನ್ ಕಾಟ ತಪ್ಪದು. ನಮ್ಮ ನೆಲ ಗ್ರಾನೈಟ್, ನೈಸ್ ಶಿಲೆ. ಡಿಟೆಕ್ಟರ್ ಇರುವ ಕೆಳಮಹಡಿಯ ಕೋಣೆಯಲ್ಲಿ ರೇಡಾನ್ ತುಂಬಿಕೊಳ್ಳುತ್ತದೆ. ಬಿಸ್ಮತ್-214ರ ಸಣ್ಣದೊಂದು ಗೆರೆ 665 ಕೆಇವಿಯಲ್ಲಿ (ಕಿರಣದ ಶಕ್ತಿಯ ಅಳತೆ), ಅಣು ವಿದಳನದಿಂದ ಹುಟ್ಟುವ ಸೀಸಿಯಂ-137ರ 662ರ ಪಕ್ಕದಲ್ಲೇ ಬೀಳುತ್ತದೆ. ಡಿಟೆಕ್ಟರ್ ತಣಿಸುವ ದ್ರವ ಸಾರಜನಕದ ಪಾತ್ರೆಯಿಂದ ಆವಿಯಾಗುವ ಅನಿಲವನ್ನೇ ಅದರ ಸುತ್ತಲಿನ ಸೀಸದ ಗೂಡಿನೊಳಗೆ ಹಾಯಿಸಿ ಕೋಣೆಯ ಗಾಳಿಯನ್ನು ಹೊರತಳ್ಳುತ್ತೇನೆ.

ನಾನು ಬಹಳ ನಂಬುವ ಸಾಕ್ಷಿ ಬೆರಿಲಿಯಂ-7. ಕಾಸ್ಮಿಕ್ ಕಿರಣಗಳಿಂದ ಮೇಲ್ವಾತಾವರಣದಲ್ಲಿ ಹುಟ್ಟುವ ಇದು 478 ಕೆಇವಿಯಲ್ಲಿ ಕಾಣಬೇಕು. ಜೋರು ಮಳೆ ತೊಳೆದಾಗ ಇಳಿಯುತ್ತದೆ, ಸಹಜ. ಒಣ ಹವೆಯಲ್ಲೂ ಕಾಣದಿದ್ದರೆ ನಮ್ಮ ಕೆಲಸದಲ್ಲೇ ಎಲ್ಲೋ ತಪ್ಪಿದೆ.

ಇಷ್ಟು ಪಾಡೇಕೆ, ಸುತ್ತಲಿನ ವಿಕಿರಣವನ್ನು ನೇರವಾಗಿ ತೋರಿಸುವ ಗಾಮಾ ಮೀಟರ್ ಸಾಲದೇ ಎಂದು ಕೇಳುವವರಿದ್ದಾರೆ. 2017ರ ಶರತ್ಕಾಲದಲ್ಲಿ ಯೂರೋಪಿನ ಮೇಲೆ ಹರಡಿದ ರುಥೇನಿಯಂ-106 ಸಿಕ್ಕಿದ್ದು ಫಿಲ್ಟರ್ ಕೇಂದ್ರಗಳ ಜಾಲದಲ್ಲಿ. ಅಷ್ಟು ಕಡಿಮೆ ಪ್ರಮಾಣ ಗಾಮಾ ಮೀಟರ್‌ಗೆ ಗೊತ್ತೇ ಆಗುವುದಿಲ್ಲ.

ಅಯೋಡಿನ್-131 ಮಾತ್ರ ಬೇರೆ. ಅನಿಲರೂಪದ್ದು ಫಿಲ್ಟರ್ ದಾಟಿಹೋಗುತ್ತದೆ, ಹಿಂದೆ ಇದ್ದಿಲಿನ ಕಾರ್ಟ್ರಿಜ್ ಬೇಕು. 8 ದಿನದ ಅರ್ಧಾಯುವಿನ ಇದು 5 ದಿನ ಕಾದರೆ ಮೂರನೇ ಒಂದು ಪಾಲು ಹೋಗಿರುತ್ತದೆ. ಕಾರ್ಟ್ರಿಜ್ಜನ್ನು ಅದೇ ದಿನ ಎಣಿಕೆಗೆ ಇಡುತ್ತೇನೆ.